ಬೇಸಿಗೆಯಲ್ಲಿ ಮೂಗಿನ ಆಪರೇಷನ್: ಕಲಬುರಗಿ ಬಿಸಿಲಲ್ಲಿ ಚೇತರಿಸಿಕೊಳ್ಳುವ ಬಗೆ

ನಮ್ಮ ಕಡೆ ಎಷ್ಟೋ ಮಂದಿ ಮೂಗಿನ ಆಪರೇಷನ್ನನ್ನು ಬೇಸಿಗೆಗೇ ಇಟ್ಟುಕೊಳ್ಳುತ್ತಾರೆ. ಮಕ್ಕಳಿಗೆ ರಜೆ, ತೊಗರಿ ರಾಶಿ ಮುಗಿದು ಹೊಲ ಖಾಲಿ, ಮುಂಗಾರಿ ಬಿತ್ತನೆಗೆ ಇನ್ನೂ ಹೊತ್ತಿದೆ. ಮನೆಯಲ್ಲಿ ನೋಡಿಕೊಳ್ಳಲು ಒಬ್ಬರಾದರೂ ಸಿಗುತ್ತಾರೆ. ನಾನು ಶಾಲಾ ಶಿಕ್ಷಕಿ. ಏಪ್ರಿಲ್‌ನಲ್ಲಿ ರಜೆ ಸಿಕ್ಕ ವಾರವೇ ಅಡ್ಮಿಟ್ ಆದೆ. ಹತ್ತು ವರ್ಷದಿಂದ ಎಡ ಹೊಳ್ಳೆಯಲ್ಲಿ ಸರಿಯಾಗಿ ಉಸಿರಾಡಿದ್ದೇ ಇಲ್ಲ. ಊರಲ್ಲಿ ‘ಮೂಗಿನ ಎಲುಬು ಬೆಳೆದದ’ ಅನ್ನುತ್ತಾರಲ್ಲ, ಅದೇ ತೊಂದರೆ. ಎರಡು ಹೊಳ್ಳೆಗಳ ನಡುವಿನ ಗೋಡೆ ಡೊಂಕಾಗಿತ್ತು. ಅದನ್ನು ನೇರ ಮಾಡುವ ಆಪರೇಷನ್‌ಗೆ ಸೆಪ್ಟೋಪ್ಲಾಸ್ಟಿ ಎನ್ನುತ್ತಾರೆ. ಆಪರೇಷನ್ ಚೆನ್ನಾಗಿಯೇ ಆಯಿತು. ಕಷ್ಟ ಗೊತ್ತಾದದ್ದು ಮನೆಗೆ ಬಂದ ಮೇಲೆ, ಹೊರಗೆ 43 ಡಿಗ್ರಿ ಬಿಸಿಲು ಕುದಿಯುತ್ತಿದ್ದಾಗ.

ಕೈಗೋ ಕಾಲಿಗೋ ಗಾಯವಾದರೆ ಪಟ್ಟಿ ಕಟ್ಟಬಹುದು. ಮೂಗಿನೊಳಗಿನ ಗಾಯಕ್ಕೆ ಕಟ್ಟಲು ಬರುವುದಿಲ್ಲ, ಪ್ರತಿ ಉಸಿರೂ ಅದರ ಮೇಲೆಯೇ ಹಾದು ಹೋಗುತ್ತದೆ. ಬೆಂಗಳೂರಿನ ಗಾಳಿ ಒಂದು ಬಗೆ, ನಮ್ಮ ಏಪ್ರಿಲ್-ಮೇ ತಿಂಗಳ ಒಣಗಾಳಿ ಇನ್ನೊಂದು ಬಗೆ. ಒಣಗಾಳಿಗೆ ಒಳಗಿನ ಪಸೆ ಆರುತ್ತದೆ, ರಕ್ತ ಮತ್ತು ಸಿಂಬಳ ಸೇರಿ ಹಕ್ಕಳೆಗಟ್ಟುತ್ತದೆ, ಆ ಹಕ್ಕಳೆ ಬಿರಿದರೆ ಮತ್ತೆ ರಕ್ತ. ಸೆಕೆಗೆ ರಕ್ತನಾಳಗಳು ಹಿಗ್ಗುವುದರಿಂದ ರಕ್ತ ಒಸರುವುದೂ ಸುಲಭ. ಹಾಗಾಗಿ ನಮ್ಮ ಊರಿನ ಬೇಸಿಗೆಯಲ್ಲಿ ಮಾಡಬೇಕಾದ ಕೆಲಸ ಎರಡೇ: ಮೂಗನ್ನು ಒಳಗಿನಿಂದ ಒದ್ದೆಯಾಗಿಡುವುದು, ತಲೆಗೆ ರಕ್ತದೊತ್ತಡ ಏರದಂತೆ ನೋಡಿಕೊಳ್ಳುವುದು. ಮುಂದೆ ಹೇಳುವುದೆಲ್ಲ ಈ ಎರಡರ ಸುತ್ತಲೇ ಇದೆ. ಸೈನಸ್ ಆಪರೇಷನ್ ಆದವರಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ. ನಿಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ಬೇರೆ ಬರೆದಿದ್ದರೆ ಚೀಟಿಯ ಮಾತೇ ನಡೆಯಲಿ. ಒಳಗೆ ಏನು ಮಾಡಿದ್ದಾರೆ ಎನ್ನುವುದು ಆಪರೇಷನ್ ಮಾಡಿದವರಿಗೇ ಗೊತ್ತು.

ಅಡ್ಮಿಟ್ ಆಗುವ ಮುಂಚೆ ಮನೆ ಸಜ್ಜು ಮಾಡಿ

ಒಂದು ವಾರ ಮೊದಲೇ ಕೂಲರ್ ಬಿಚ್ಚಿ ತೊಳೆಯಿರಿ. ಹೋದ ವರ್ಷದ ಹುಲ್ಲಿನ ಪ್ಯಾಡ್‌ನಲ್ಲಿ ಬೂಷ್ಟು, ಧೂಳು ಎಲ್ಲ ಇರುತ್ತದೆ, ಹೊಸದು ಹಾಕಿಸಿ. ಮಲಗುವ ಕೋಣೆ ಕೆಳಗಿನ ಮನೆಯಲ್ಲೇ ಇರಲಿ. ಬೇಸಿಗೆ ಬಂತೆಂದರೆ ಮಾಳಿಗೆ ಮೇಲೆ ಮಲಗುವುದು ನಮಗೆಲ್ಲ ರೂಢಿ, ಆದರೆ ಈ ಸಲ ಬೇಡ. ಸಂಜೆ ಏಳುವ ಸುಂಟರಗಾಳಿಯ ಮಣ್ಣು ನೇರವಾಗಿ ಮೂಗಿಗೆ ಬರುತ್ತದೆ, ನಡುರಾತ್ರಿ ಅಕಾಲ ಮಳೆ ಬಂದರೆ ಗಾದಿ ಹೊತ್ತು ಮೆಟ್ಟಿಲಿಳಿಯಬೇಕಾಗುತ್ತದೆ.

ಇನ್ನೊಂದು ಮಾತು ಮನೆಯ ಹೆಂಗಸರ ಜೊತೆ ಮೊದಲೇ ಆಡಿಕೊಳ್ಳಿ. ಏಪ್ರಿಲ್-ಮೇ ಅಂದರೆ ನಮ್ಮಲ್ಲಿ ವರ್ಷದ ಖಾರದ ಪುಡಿ ಮಾಡುವ ಕಾಲ. ಮಾಳಿಗೆ ತುಂಬ ಮೆಣಸಿನಕಾಯಿ ಒಣಗಿರುತ್ತದೆ, ತೊಟ್ಟು ಮುರಿಯುವುದು, ಹುರಿಯುವುದು, ಕುಟ್ಟಿಸುವುದು ನಡೆದೇ ಇರುತ್ತದೆ. ಆಪರೇಷನ್ ಆದ ಮೂಗಿಗೆ ಆ ಘಾಟಿನಷ್ಟು ಕೆಟ್ಟದ್ದು ಮತ್ತೊಂದಿಲ್ಲ. ಒಂದೋ ಖಾರದ ಕೆಲಸ ಮೊದಲೇ ಮುಗಿಸಿ, ಇಲ್ಲವೇ ಮೂರು ವಾರ ಮುಂದೂಡಿ, ಅಥವಾ ಈ ವರ್ಷ ಅಕ್ಕನ ಮನೆಯಲ್ಲಿ ಆಗಲಿ.

ಬಿ.ಪಿ., ಹೃದಯ, ರಕ್ತ ತೆಳುವಾಗುವ ಮಾತ್ರೆ ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರ ಮುಂದೆ ಬಾಯಿಬಿಟ್ಟು ಹೇಳಿ. ಯಾವುದು ನಿಲ್ಲಿಸಬೇಕು, ಯಾವುದು ನಿಲ್ಲಿಸಲೇಬಾರದು ಅಂತ ಅವರೇ ಹೇಳಲಿ. ಬೀಡಿ, ಸಿಗರೇಟು, ನಶ್ಯ ಇದ್ದವರು ಬಿಡಲು ಇದೇ ಸಮಯ. ಹೊಗೆ ಗಾಯ ಮಾಯುವುದನ್ನು ತಡಮಾಡುತ್ತದೆ, ನಶ್ಯವಂತೂ ಹಸಿ ಗಾಯಕ್ಕೇ ಹೋಗಿ ಬೀಳುತ್ತದೆ.

ಊರಿಗೆ ಮರಳುವ ದಾರಿ

ಆಳಂದ, ಅಫಜಲಪುರ, ಚಿಂಚೋಳಿ, ಜೇವರ್ಗಿ ಕಡೆಯಿಂದ ಕಲಬುರಗಿಗೆ ಬಂದು ಆಪರೇಷನ್ ಮಾಡಿಸಿಕೊಳ್ಳುವವರು ಬಹಳ. ಡಿಸ್ಚಾರ್ಜ್ ಕಾಗದ ಕೈಗೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನವೇ. ಆ ಹೊತ್ತಿಗೇ ಬಸ್ ಹತ್ತಿ ಕಿಟಕಿ ಪಕ್ಕ ಕೂತರೆ ಝಳ ನೇರವಾಗಿ ಮುಖಕ್ಕೆ ಬಡಿಯುತ್ತದೆ. ಸಾಧ್ಯವಿದ್ದರೆ ಸಂಜೆ ಐದರವರೆಗೆ ವಾರ್ಡಿನಲ್ಲೋ ನೆಂಟರ ಮನೆಯಲ್ಲೋ ಇದ್ದು ಹೊರಡಿ. ಬಸ್ಸಿನಲ್ಲೇ ಹೋಗಬೇಕಾದರೆ ನಡುವಿನ ಸೀಟು ಹಿಡಿಯಿರಿ, ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆಯನ್ನು ಮೂಗಿಗೆ ಒತ್ತದಂತೆ ಸಡಿಲವಾಗಿ ಮುಖದ ಮುಂದೆ ಇಟ್ಟುಕೊಳ್ಳಿ. ಬೈಕಿನ ಹಿಂದೆ ಕೂತು ಹೋಗುವುದು ಬೇಡವೇ ಬೇಡ. ತಗ್ಗು-ದಿನ್ನೆ ರಸ್ತೆಯಲ್ಲಿ ಮುಂದೆ ಕೂತವರ ಬೆನ್ನಿಗೆ ಮೂಗು ತಾಗಲು ಒಂದು ಬ್ರೇಕ್ ಸಾಕು.

ಮೊದಲ ಮೂರು ದಿನ

ಮೂಗಿನೊಳಗೆ ಪ್ಯಾಕ್ (ರಕ್ತ ಒಸರದಂತೆ ತುರುಕುವ ಬತ್ತಿ) ತುಂಬಿದ್ದರೆ ಸಾಮಾನ್ಯವಾಗಿ 24ರಿಂದ 48 ಗಂಟೆಯಲ್ಲಿ ತೆಗೆಯುತ್ತಾರೆ. ಅಲ್ಲಿಯವರೆಗೆ ಉಸಿರೆಲ್ಲ ಬಾಯಿಯಿಂದಲೇ. ನನಗೆ ಇಡೀ ಆಪರೇಷನ್‌ನಲ್ಲಿ ತ್ರಾಸಾಗಿದ್ದು ಅದೊಂದೇ. ರಾತ್ರಿ ಎರಡಕ್ಕೆ ಎಚ್ಚರವಾದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಕಟ್ಟಿಗೆಯಂತಾಗಿರುತ್ತಿತ್ತು. ನಮ್ಮನೆಯವರು ಮಂಚದ ಪಕ್ಕದ ಸ್ಟೂಲಿನ ಮೇಲೆ ನೀರು, ಚಮಚ, ಒದ್ದೆ ಅರಿವೆ ಇಟ್ಟಿರುತ್ತಿದ್ದರು. ಗಟಗಟ ಕುಡಿದರೆ ಪ್ಯಾಕ್ ಇದ್ದಾಗ ಕಿವಿ ಅದುಮಿದಂತಾಗುತ್ತದೆ. ಒಂದೊಂದೇ ಚಮಚ ಬಾಯಲ್ಲಿ ಹಿಡಿದು ನುಂಗಬೇಕು. ತುಟಿಗೆ ವ್ಯಾಸಲೀನ್ ಅಥವಾ ಬೆಣ್ಣೆ ಹಚ್ಚಿಕೊಳ್ಳಿ.

ಪೂರ್ತಿ ಚಪ್ಪಟೆ ಮಲಗಬೇಡಿ. ಎರಡು ದಿಂಬು, ಅಥವಾ ಬೆನ್ನ ಹಿಂದೆ ಗಾದಿ ಸುತ್ತಿ ಒರಗಿಕೊಂಡು ಮಲಗಬೇಕು. ತಲೆ ಎದೆಗಿಂತ ಮೇಲಿದ್ದರೆ ಬಾವು ಕಡಿಮೆ, ರಕ್ತ ಒಸರುವುದೂ ಕಡಿಮೆ. ಒಂದು ವಾರವಾದರೂ ಹೀಗೆಯೇ ಇರಲಿ. ಸಣ್ಣ ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ, ನಿದ್ದೆಗಣ್ಣಲ್ಲಿ ಅವರ ಕೈ ಎಲ್ಲಿ ಬೀಳುತ್ತದೋ ಹೇಳಲಾಗದು.

ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಗೆ, ಹಣೆಗೆ ಹತ್ತು ನಿಮಿಷ ಇಟ್ಟುಕೊಳ್ಳಬಹುದು. ಮೂಗಿನ ಮೇಲೆ ಭಾರ ಬೀಳಬಾರದು. ನೋವಿಗೆ ವೈದ್ಯರು ಬರೆದ ಮಾತ್ರೆ ಮಾತ್ರ. ಮನೆಯ ಡಬ್ಬಿಯಲ್ಲಿ ಉಳಿದ ಆಸ್ಪಿರಿನ್, ಐಬುಪ್ರೊಫೆನ್ ಇದ್ದರೆ ಕೇಳದೆ ನುಂಗಬೇಡಿ, ಅವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ.

ಮೂಗಿನ ಕೆಳಗೆ ಕಟ್ಟಿದ ತೆಳು ಪಟ್ಟಿ ಬಟ್ಟೆ (ಗಾಜ್) ಮೊದಮೊದಲು ಕೆಂಪಗೆ ತೊಯ್ಯುತ್ತದೆ, ಆಮೇಲೆ ತಿಳಿಗೆಂಪು, ಆಮೇಲೆ ಹಳದಿ. ಬಾವು ಎರಡನೇ-ಮೂರನೇ ದಿನಕ್ಕೆ ಏರಿ ನಂತರ ಇಳಿಯುತ್ತದೆ. ಪ್ಯಾಕ್ ತೆಗೆದ ಮೇಲೂ ಮೂಗು ಕಟ್ಟಿದಂತೆಯೇ ಇದ್ದರೆ ‘ಆಪರೇಷನ್ ಫೇಲ್ ಆಯಿತು’ ಅಂತ ಕಂಗಾಲಾಗಬೇಡಿ, ಕಟ್ಟಿರುವುದು ಬಾವಿನಿಂದ. ಮೇಲಿನ ಮುಂಭಾಗದ ಹಲ್ಲುಗಳು ಜೋಮು ಹಿಡಿದಂತೆ ಅನ್ನಿಸುವುದೂ ಉಂಟು, ಕೆಲವು ವಾರದಲ್ಲಿ ಸರಿಹೋಗುತ್ತದೆ.

ಉಪ್ಪುನೀರು: ಇದನ್ನು ಮಾತ್ರ ತಪ್ಪಿಸಬೇಡಿ

ನಮ್ಮ ಬೇಸಿಗೆಯಲ್ಲಿ ಮೂಗನ್ನು ಉಳಿಸುವುದು ಇದೇ. ವೈದ್ಯರು ಶುರು ಮಾಡಿ ಅಂದ ದಿನದಿಂದ ಸಲೈನ್ ಸ್ಪ್ರೇ ಮತ್ತು ತೊಳೆಯುವ ಉಪ್ಪುನೀರು ಎರಡೂ ಬಳಸಿ. ಸ್ಪ್ರೇಯನ್ನು ಒಣಗಾಳಿಯ ದಿನಗಳಲ್ಲಿ ಎಚ್ಚರವಿದ್ದಷ್ಟು ಹೊತ್ತೂ ಎರಡು ಗಂಟೆಗೊಮ್ಮೆ ಹೊಡೆದುಕೊಳ್ಳುತ್ತಿದ್ದೆ. ಅದು ಬರೀ ಉಪ್ಪುನೀರು, ಚಟವಾಗುವ ಔಷಧಿಯಲ್ಲ. ಕಟ್ಟಿದ ಮೂಗು ಬಿಚ್ಚಿಸುವ ಡ್ರಾಪ್ಸ್ ಬೇರೆ. ಅವನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಇನ್ನಷ್ಟು ಕಟ್ಟಿಕೊಳ್ಳಲು ಶುರುವಾಗುತ್ತದೆ. ಎರಡೂ ಬಾಟಲಿ ನೋಡಲು ಒಂದೇ ತರಹ ಇರುತ್ತವೆ, ಹೆಸರು ಓದಿ ಹಾಕಿಕೊಳ್ಳಿ.

ತೊಳೆಯುವ ನೀರು ಮನೆಯಲ್ಲಿ ಮಾಡುವುದಾದರೆ ಹೀಗೆ. ಅರ್ಧ ಲೀಟರ್ ನೀರನ್ನು ಕುದಿ ಬಂದ ಮೇಲೂ ಮೂರು ನಿಮಿಷ ಕುದಿಸಿ, ಮುಚ್ಚಿಟ್ಟು ಉಗುರು ಬೆಚ್ಚಗಾಗುವವರೆಗೆ ಆರಿಸಿ. ಮುಕ್ಕಾಲು ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಕರಗಿಸಿ. ಅಯೋಡಿನ್ ಇಲ್ಲದ ಉಪ್ಪು ಸಿಕ್ಕರೆ ಒಳ್ಳೆಯದು, ಉರಿ ಕಡಿಮೆ. ಮೆಡಿಕಲ್ ಅಂಗಡಿಯಲ್ಲಿ ಅಳತೆ ಮಾಡಿದ ಪೊಟ್ಟಣಗಳೂ ಸಿಗುತ್ತವೆ. ಒಂದು ದಿನ ಕಳೆದ ನೀರನ್ನು ಚೆಲ್ಲಿ ಹೊಸದು ಮಾಡಿ.

ಕುದಿಸುವ ಹಂತವನ್ನು ಯಾವ ಕಾರಣಕ್ಕೂ ಬಿಡಬಾರದು. ಬೇಸಿಗೆಯಲ್ಲಿ ಮಾಳಿಗೆ ಮೇಲಿನ ಸಿಂಟೆಕ್ಸ್ ನೀರು ಮಧ್ಯಾಹ್ನ ತಾನೇ ಬಿಸಿಯಾಗಿರುತ್ತದೆ. ‘ಹೇಗೂ ಬೆಚ್ಚಗಿದೆಯಲ್ಲ’ ಎಂದು ಅದನ್ನೇ ಬಳಸುವ ಆಸೆ ಬರುತ್ತದೆ. ಬೆಚ್ಚನೆಯ ಸಿಹಿನೀರಿನಲ್ಲಿ ನೆಗ್ಲೇರಿಯಾ ಎಂಬ ಅಮೀಬಾ ಇರಬಹುದು. ಕುಡಿದರೆ ಏನೂ ಆಗದು, ಆದರೆ ಮೂಗಿನಿಂದ ಹೋದರೆ ಮಿದುಳಿಗೇ ಏರುತ್ತದೆ. ತೀರ ಅಪರೂಪದ ರೋಗ, ಬಂದರೆ ಮಾತ್ರ ಬದುಕುವವರು ಕಡಿಮೆ. ಕೇರಳದಲ್ಲಿ 2024 ಮತ್ತು 2025ರಲ್ಲಿ ಜನ ಇದರಿಂದ ಸತ್ತಿದ್ದಾರೆ. ಫಿಲ್ಟರ್ ನೀರನ್ನೂ ಕುದಿಸಿಯೇ ಬಳಸಿ. ಇದೇ ಕಾರಣಕ್ಕೆ ಬಾವಿ, ಕೆರೆ, ಹೊಳೆಯ ಈಜು ಕನಿಷ್ಠ ಆರು ವಾರ ಬೇಡ. ಬೇಸಿಗೆ ರಜೆಯಲ್ಲಿ ಹುಡುಗರನ್ನು ಬಾವಿಯಿಂದ ದೂರ ಇಡುವುದು ಕಷ್ಟ ಎಂದು ಗೊತ್ತು, ಆದರೂ ಇಡಬೇಕು.

ತೊಳೆಯುವಾಗ ಬೇಸಿನ್ ಮುಂದೆ ಬಗ್ಗಿ, ತಲೆ ಸ್ವಲ್ಪ ಓರೆ ಮಾಡಿ, ಬಾಯಿ ತೆರೆದು ಬಾಯಿಂದಲೇ ಉಸಿರಾಡುತ್ತ, ‘ಆ’ ಎನ್ನುತ್ತ ಬಾಟಲಿಯನ್ನು ಮೆಲ್ಲಗೆ ಅದುಮಿ. ನೀರು ಆ ಹೊಳ್ಳೆಯಿಂದಲೋ ಈ ಹೊಳ್ಳೆಯಿಂದಲೋ ಬರಲಿ, ಬಲವಂತ ಬೇಡ. ಮುಗಿದ ಮೇಲೆ ಹಾಗೇ ಬಗ್ಗಿ ನೀರು ತೊಟ್ಟಿಕ್ಕಲು ಬಿಡಿ, ಸೀಂಟಬೇಡಿ. ಐದನೆಯ ದಿನ ನನ್ನ ಎಡ ಹೊಳ್ಳೆಯಿಂದ ಬೆರಳುದ್ದದ ಕಂದು ಹಕ್ಕಳೆ ಒಂದೇ ಸಲಕ್ಕೆ ಜಾರಿ ಬೇಸಿನ್‌ಗೆ ಬಿತ್ತು. ಹೆದರಿ ಕೂಗಿಬಿಟ್ಟೆ. ಮರುಕ್ಷಣ ಹೊಳ್ಳೆಯೊಳಗೆ ತಣ್ಣನೆ ಗಾಳಿ ಹೊಕ್ಕಿತು, ಹತ್ತು ವರ್ಷದಲ್ಲಿ ಮೊದಲ ಸಲ. ಹಾಗೆ ತಾನಾಗಿ ಬಿದ್ದರೆ ಸರಿ. ಉಗುರಿನಿಂದ, ಕಡ್ಡಿಯಿಂದ, ಬಟ್ಟೆ ತುದಿಯಿಂದ ಎಳೆಯಬಾರದು.

ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುವ ಮದ್ದುಗಳಿರುತ್ತವೆ. ನಮ್ಮ ಅತ್ತೆ ಎರಡನೇ ದಿನವೇ ಬಟ್ಟಲು ಹಿಡಿದು ಬಂದರು. “ಯವ್ವಾ, ಮೂಗಿಗೆ ಎರಡ ಹನಿ ತುಪ್ಪ ಬಿಡ್ತೀನಿ, ತಂಪಾಗ್ತದ.” “ಅತ್ತೀ, ಡಾಕ್ಟರ್ ಕೇಳಿ ಬಿಡೋಣ್ರಿ, ಈಗ ಬ್ಯಾಡ್ರಿ” ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಆ ತುಪ್ಪವನ್ನೇ ಅನ್ನಕ್ಕೆ ಹಾಕಿದರು. ತುಪ್ಪ, ಸಾಸಿವೆ ಎಣ್ಣೆ, ಅರಿಶಿನ, ಮುಲಾಮು ಯಾವುದನ್ನೂ ವೈದ್ಯರು ಹೇಳದೆ ಮೂಗಿನೊಳಗೆ ಹಾಕಬಾರದು. ಬಿಸಿ ಹಬೆ ತೆಗೆದುಕೊಳ್ಳುವುದೂ ಮೊದಲ ದಿನಗಳಲ್ಲಿ ರಕ್ತ ತರಿಸುತ್ತದೆ.

ಕೂಲರ್, ಫ್ಯಾನ್, ಎಸಿ

ಕೂಲರ್ ಗಾಳಿಗೆ ತೇವ ಸೇರಿಸುತ್ತದೆ, ಎಸಿ ಗಾಳಿಯ ತೇವ ಹೀರುತ್ತದೆ. ಆದ್ದರಿಂದ ನಮ್ಮ ಒಣ ಸೆಕೆಯಲ್ಲಿ ಆಪರೇಷನ್ ಆದ ಮೂಗಿಗೆ ಚೊಕ್ಕಟವಾದ ಕೂಲರ್ ಎಸಿಗಿಂತ ಮೇಲು ಎನ್ನುವುದು ನನ್ನ ಅನುಭವ. ‘ಚೊಕ್ಕಟ’ ಎನ್ನುವುದು ಮುಖ್ಯ: ದಿನವೂ ನೀರು ಬದಲಿಸಿ, ಒಂದು ಕಿಟಕಿ ಸ್ವಲ್ಪ ತೆರೆದಿಡಿ, ಗಾಳಿ ಮುಖಕ್ಕಲ್ಲ, ಕಾಲ ಕಡೆಗೆ ಬೀಸಲಿ. ಎಸಿಯೇ ಇದ್ದರೆ 26-27ಕ್ಕೆ ಇಟ್ಟು ಕೋಣೆಯಲ್ಲಿ ಒದ್ದೆ ಟವೆಲ್ ಹರವಿ. ಕರೆಂಟ್ ಹೋದಾಗ ಕಿಟಕಿಗೆ ಒದ್ದೆ ಹಾಸಿಗೆ ಬಟ್ಟೆ ಕಟ್ಟಿದರೆ ಸಾಕಷ್ಟು ತಂಪು. ತಲೆಯ ಮೇಲಿನ ಫ್ಯಾನನ್ನು ಐದರಲ್ಲಿ ಓಡಿಸಿ ಬಾಯಿ ತೆರೆದು ಮಲಗಿದರೆ ಬೆಳಗಿಗೆ ಗಂಟಲು ಹರಿದಂತಾಗುತ್ತದೆ.

ಸ್ನಾನ ಉಗುರು ಬೆಚ್ಚಗಿನ ಅಥವಾ ತಣ್ಣೀರಿನಲ್ಲಿ. ಕುದಿಯುವ ನೀರಿನ ಹಬೆ ತುಂಬಿದ ಬಚ್ಚಲಿನಲ್ಲಿ ನಿಲ್ಲಬೇಡಿ. ತಲೆ ಎರೆಸಿಕೊಳ್ಳುವಾಗ ಮುಂದಕ್ಕೆ ಬಗ್ಗದೆ, ಹಿಂದಕ್ಕೆ ಒರಗಿ, ಬೇರೆಯವರ ಕೈಯಿಂದ.

ಊಟ

ಖಡಕ್ ರೊಟ್ಟಿ ಹತ್ತು ದಿನ ಪಕ್ಕಕ್ಕಿರಲಿ. ಜಗಿದಷ್ಟೂ ಮೇಲ್ದವಡೆ, ಮೂಗಿನ ಬುಡ ನೋಯುತ್ತದೆ. ಬಿಸಿ ರೊಟ್ಟಿಯ ಬದಲು ಆರಿದ ಮೆತ್ತನೆ ರೊಟ್ಟಿಯನ್ನು ತೊಗರಿ ಬ್ಯಾಳಿಯಲ್ಲಿ ನೆನೆಸಿ ತಿನ್ನಿ. ನನಗೆ ಹಿತವಾದದ್ದು ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ ಕುಡಿಯುವುದು. ಹೊಟ್ಟೆಗೆ ತಂಪು, ನೀರೂ ಹೋಗುತ್ತದೆ. ಮೊದಲ ವಾರ ಸುಡುಸುಡು ಚಹಾ, ಸಾರು ಬೇಡ, ಆರಿಸಿ ಕುಡಿಯಿರಿ. ಮಿರ್ಚಿ ಭಜಿ, ಹಸಿ ಖಾರದ ಚಟ್ನಿ ತಿಂದರೆ ಮೂಗು ಸುರಿಯುತ್ತದೆ, ಸೀನು ಬರುತ್ತದೆ.

ನೀರು, ಮಜ್ಜಿಗೆ, ನಿಂಬೆ ಶರಬತ್ತು, ಕಲ್ಲಂಗಡಿ ಎಲ್ಲ ಸೇರಿ ದಿನಕ್ಕೆ ಮೂರು ಲೀಟರ್‌ನಷ್ಟು ಒಳಗೆ ಹೋಗಲಿ. ಕಿಡ್ನಿ, ಹೃದಯದ ತೊಂದರೆ ಇದ್ದವರು ಅಳತೆ ಕೇಳಿಕೊಳ್ಳಬೇಕು. ಮೂತ್ರ ಕಡು ಹಳದಿಯಾದರೆ ನೀರು ಸಾಲದು ಎಂದರ್ಥ. ಮಲಬದ್ಧತೆ ಆಗಲು ಬಿಡಬೇಡಿ. ತಿಣುಕಿದರೆ ಒತ್ತಡವೆಲ್ಲ ಮೂಗಿಗೇ ಬರುತ್ತದೆ. ಬಾಳೆಹಣ್ಣು, ಪಪ್ಪಾಯಿ, ರಾತ್ರಿ ಒಂದು ಚಮಚ ಇಸಬ್ಗೋಲ್ ಸಾಕು.

ಸೀನು, ಬಗ್ಗುವುದು, ಭಾರ

ಸೀನು ಬಂದರೆ ತಡೆಯಬೇಡಿ, ಬಾಯಿ ಅಗಲಿಸಿ ಸೀನಿ. ಮೂಗು ಸೀಂಟುವುದು ಎರಡು ವಾರ ಪೂರ್ತಿ ಬಂದ್. ಒಗ್ಗರಣೆ ಹಾಕುವಾಗ ಅಡುಗೆಮನೆಯ ಹತ್ತಿರ ಸುಳಿಯಬೇಡಿ.

ಇಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ಮಾತು ಒತ್ತಿ ಹೇಳಬೇಕು. ಗಂಡಸರು ಆಪರೇಷನ್ ಆದರೆ ಹದಿನೈದು ದಿನ ಮಲಗುತ್ತಾರೆ. ನಾವು ನಾಲ್ಕನೇ ದಿನ ‘ಈಗ ಆರಾಮಿದ್ದೀನಿ’ ಎಂದು ಒಲೆ ಮುಂದೆ ಕೂರುತ್ತೇವೆ. ರೊಟ್ಟಿ ಬಡಿಯುವುದೆಂದರೆ ಮುಂದಕ್ಕೆ ಬಾಗುವುದು, ಬೆಂಕಿಯ ಝಳ, ಹಿಟ್ಟಿನ ಧೂಳು, ಮೂರೂ ಒಟ್ಟಿಗೆ. ಕಸ ಗುಡಿಸುವುದು, ಬಟ್ಟೆ ಒಗೆಯುವುದು, ಕೊಡ ಎತ್ತುವುದು ಇವೂ ಹಾಗೇ. ಎರಡು ವಾರ ಇವು ಯಾವುವೂ ಬೇಡ, ಐದು ಕಿಲೋಗಿಂತ ಹೆಚ್ಚು ಭಾರ ಎತ್ತಲೇಬಾರದು. ನಾನು ಎಂಟು ದಿನ ಪಾಲಿಸಿದೆ. ಒಂಬತ್ತನೆಯ ದಿನ ಬೆಳಗ್ಗೆ ನಾಲ್ಕು ದಿನದ ನಂತರ ನಳ ಬಂತು, ಮನೆಯಲ್ಲಿ ಯಾರೂ ಇರಲಿಲ್ಲ. ಎರಡೇ ಕೊಡ ಎತ್ತಿದೆ. ಎರಡನೆಯದನ್ನು ಕಟ್ಟೆಯ ಮೇಲಿಡುವಾಗ ತುಟಿಗೆ ಬಿಸಿಯಾಗಿ ಏನೋ ಹರಿಯಿತು, ನೋಡಿದರೆ ಸೆರಗು ಕೆಂಪು. ಗಾಯ ಆರುತ್ತ ಬಂದ ಈ ಐದರಿಂದ ಹತ್ತನೇ ದಿನದೊಳಗೇ ಎರಡನೇ ಸಲ ರಕ್ತ ಬರುವ ಸಂಭವ ಹೆಚ್ಚು ಎಂದು ಆಮೇಲೆ ವೈದ್ಯರು ವಿವರಿಸಿದರು.

ರಕ್ತ ಬಂದರೆ

ಕೂತುಕೊಳ್ಳಿ. ತಲೆ ಹಿಂದಕ್ಕೆ ಚೆಲ್ಲಬೇಡಿ, ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ಸ್ವಲ್ಪ ಮುಂದಕ್ಕೆ ಬಾಗಿ, ಬಾಯಿಂದ ಉಸಿರಾಡಿ, ಬಾಯಿಗೆ ಬಂದ ರಕ್ತ ಉಗುಳಿ. ಹಣೆಗೆ ಐಸ್ ಇಡಿ. ಮೂಗಿನ ಮೆತ್ತನೆ ಭಾಗ ಹಿಡಿದು ಒತ್ತಬಹುದೇ ಎಂದು ಡಿಸ್ಚಾರ್ಜ್ ದಿನವೇ ಕೇಳಿಟ್ಟುಕೊಳ್ಳಿ. ಮೂಗಿನ ಆಕಾರ ತಿದ್ದಿಸಿಕೊಂಡವರು ಒತ್ತುವಂತಿಲ್ಲ. ಈರುಳ್ಳಿ ಮೂಸಿಸುವುದು, ತಲೆಗೆ ನೀರು ಸುರಿಯುವುದು ಮಾಡುತ್ತ ಹೊತ್ತು ಕಳೆಯಬೇಡಿ. ಹದಿನೈದು ನಿಮಿಷದಲ್ಲಿ ನಿಲ್ಲದಿದ್ದರೆ, ಅಥವಾ ಧಾರೆಯಾಗಿ ಬರುತ್ತಿದ್ದರೆ ಆಸ್ಪತ್ರೆಗೆ ಹೊರಡಿ, ಗಾಡಿ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ನನ್ನದು ಹತ್ತು ನಿಮಿಷಕ್ಕೆ ನಿಂತಿತು.

ರಕ್ತವಿಲ್ಲದೆಯೂ ತಡಮಾಡಬಾರದ ಸಂದರ್ಭಗಳಿವೆ. ಇಳಿಯುತ್ತಿದ್ದ ನೋವು ಮತ್ತೆ ಏರಿ ಎರಡೂ ಹೊಳ್ಳೆ ಪೂರ್ತಿ ಕಟ್ಟಿದರೆ ನಡುಗೋಡೆಯಲ್ಲಿ ರಕ್ತ ಶೇಖರವಾಗಿರಬಹುದು. ಚಳಿಜ್ವರದ ಜೊತೆ ವಾಂತಿ, ಮೈಮೇಲೆ ಕೆಂಪು ದದ್ದು, ತಲೆ ತಿರುಗುವುದು ಬಂದರೆ, ಅದೂ ಮೂಗಲ್ಲಿ ಪ್ಯಾಕ್ ಇದ್ದಾಗ, ಅದು ಸೋಂಕು ರಕ್ತಕ್ಕೇರಿದ ಲಕ್ಷಣವಿರಬಹುದು. ಬೇಸಿಗೆಯಲ್ಲಿ ಜ್ವರ ಬಂದರೆ ‘ಬಿಸಿಲು ಬಡಿದದ’ ಎಂದು ತಳ್ಳಿಹಾಕುವುದು ನಮ್ಮ ರೂಢಿ. ಈ ಸಲ ಹಾಗೆ ಮಾಡಬೇಡಿ. ಸೈನಸ್ ಆಪರೇಷನ್ ಆದವರಿಗೆ ಕಣ್ಣು ಮಂಜಾದರೆ, ಎರಡೆರಡು ಕಂಡರೆ, ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ ಅದೇ ಗಳಿಗೆಯಲ್ಲಿ ಹೊರಡಬೇಕು.

ಹೊರಗೆ, ಕೆಲಸಕ್ಕೆ

ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಮನೆಯೊಳಗೇ ಇರಿ. ನಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್-ಮೇನಲ್ಲಿ ಬೆಳಗ್ಗೆ 8ರಿಂದ 1.30ರ ವೇಳೆ ಇರುವುದು ಅನುಕೂಲವೇ, ಆದರೆ ಮನೆಗೆ ಮರಳುವುದು ಸರಿಯಾಗಿ ಸುಡುಬಿಸಿಲಿಗೆ. ಆ ದಾರಿಗೆ ಆಟೋ ಹಿಡಿಯಿರಿ. ಕೂತು ಮಾಡುವ ಕೆಲಸಕ್ಕೆ ಒಂದು ವಾರ, ಹತ್ತು ದಿನದಲ್ಲಿ ಹೋಗಬಹುದು. ದಾಲ್ ಮಿಲ್, ಶಹಾಬಾದ್ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಹೊಲದ ಕೆಲಸದವರು ಮೂರು-ನಾಲ್ಕು ವಾರ ಬಿಡಬೇಕು, ಹೋದ ಮೇಲೂ ಮಾಸ್ಕ್ ಬೇಕು. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರಿಗೆ, ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ಕಟ್ಟಿದ್ದರೆ, ರಜೆಯ ದಿನಗಳಿಗೆ ಸಂಬಳದ ಶೇ. 70ರಷ್ಟು ಅನಾರೋಗ್ಯ ಭತ್ಯೆ ಸಿಗುತ್ತದೆ. ಇಎಸ್‌ಐ ವೈದ್ಯರ ಪ್ರಮಾಣಪತ್ರ ತೆಗೆದುಕೊಳ್ಳಲು ಮರೆಯಬೇಡಿ. ಕೂಲಿ ಹೋಗುತ್ತದೆಂದು ಹಸಿ ಗಾಯದಲ್ಲೇ ಗಣಿಗೆ ಮರಳುವವರನ್ನು ಕಂಡಾಗ ಹೊಟ್ಟೆ ಚುರ್ ಎನ್ನುತ್ತದೆ.

ಮೂಗಿನ ಆಕಾರ ತಿದ್ದಿಸಿಕೊಂಡವರು ಆರು ವಾರ ಕನ್ನಡಕದ ಭಾರವನ್ನು ಮೂಗಿನ ಮೇಲೆ ಹಾಕಬಾರದು. ಬಿಸಿಲಿಗೆ ಚರ್ಮ ಕಪ್ಪಿಡಿದು ಗುರುತು ಉಳಿಯುವುದರಿಂದ ಕೊಡೆ, ಟೋಪಿ, ಗಾಯ ಪೂರ್ತಿ ಮಾಯ್ದ ಮೇಲೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೇಕು. ಸ್ಪ್ರೇ, ಮಾತ್ರೆಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಡಬೇಡಿ, ಅಲ್ಲಿನ ಕಾವಿಗೆ ಔಷಧಿ ಕೆಡುತ್ತದೆ. ಶರಣಬಸವೇಶ್ವರ ಜಾತ್ರೆಯ ತೇರು, ಈಚಿನ ವರ್ಷಗಳಲ್ಲಿ ಬೇಸಿಗೆಗೇ ಬೀಳುತ್ತಿರುವ ಬಂದೇನವಾಜರ ಉರುಸು, ಮದುವೆಗಳು ಎಲ್ಲವೂ ಇದೇ ಕಾಲಕ್ಕೆ ಬರುತ್ತವೆ. ಆಮಂತ್ರಣ ಕೊಟ್ಟವರಿಗೆ ಫೋನಿನಲ್ಲಿ ಕಾರಣ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನೂಕುನುಗ್ಗಲಲ್ಲಿ ಒಂದು ಮೊಣಕೈ ತಾಗಿದರೆ ಮಾಡಿಸಿಕೊಂಡ ಆಪರೇಷನ್ ದಂಡ.

ಮರಳಿ ತೋರಿಸುವುದು

ಒಳಗೆ ಸಿಲಿಕೋನ್ ಪಟ್ಟಿ ಇಟ್ಟಿದ್ದರೆ ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ. ಆಮೇಲೂ ಎರಡು-ಮೂರು ಸಲ ಕರೆಯುತ್ತಾರೆ, ಒಳಗಿನ ಹಕ್ಕಳೆ ಬಿಡಿಸಿ ನೋಡಲಿಕ್ಕೆ. ಉಸಿರು ಸರಾಗವಾಯಿತೆಂದು ಆ ಭೇಟಿ ತಪ್ಪಿಸಿದರೆ ಒಳಗೆ ಗೋಡೆಗೆ ಗೋಡೆ ಅಂಟಿಕೊಂಡು ಮತ್ತೆ ಕಟ್ಟಬಹುದು. ವಾಸನೆ ಬರಲಿಲ್ಲವೆಂದು ಮೂರನೇ ವಾರ ನಾನು ಅಳುಮುಖ ಮಾಡಿಕೊಂಡು ಹೋಗಿದ್ದೆ. ಹಕ್ಕಳೆ ತೆಗೆದ ಮರುದಿನ ಕೂಲರಿನ ಲಾವಂಚದ ಪರಿಮಳ ಮೊದಲು ಬಂತು, ಆಮೇಲೆ ಒಂದೊಂದಾಗಿ ಉಳಿದವು.

ಭೇಟಿಯ ದಿನ ಬೆಳಗಿನ ಮೊದಲ ಬಸ್ಸಿಗೇ ಹೊರಡಿ, ಬಿಸಿಲೇರುವುದರೊಳಗೆ ಚೀಟಿ ಮಾಡಿಸಿ ಸರದಿಯಲ್ಲಿ ಕೂತಿರಿ. ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿ: ಉಪ್ಪುನೀರು ಇನ್ನೆಷ್ಟು ದಿನ, ಹೆಲ್ಮೆಟ್ ಯಾವಾಗಿನಿಂದ, ಭಾರ ಯಾವಾಗಿನಿಂದ, ತುಪ್ಪ ಬಿಡಬಹುದೇ. ನಮ್ಮ ಅತ್ತೆಯ ಆ ಪ್ರಶ್ನೆಯನ್ನು ಆರನೆಯ ವಾರ ಕೇಳಿದೆ. “ಈಗ ಬಿಡಬಹುದು, ಹೊಳ್ಳೆಯ ತುದಿಗೆ ಬೆರಳಲ್ಲಿ ಸವರಿದರೆ ಸಾಕು” ಎಂದರು ವೈದ್ಯರು. ಮನೆಗೆ ಬಂದು ಹೇಳುತ್ತಲೇ ಅತ್ತೆ ಬಟ್ಟಲು ಹುಡುಕಲು ಎದ್ದರು.